ಬುಧವಾರ ಕೈಗೆ ಬಂದ ಭಾಷಣ

ಯುದ್ಧ ಮುಗಿದು ಕುವೈತಿಗೆ ಮರಳಿದ ವರ್ಷ, ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕನ್ನಡಿಗರ ಸಭೆ ಸೇರುತ್ತಿತ್ತು. ಹೊರಗೆ ಎಣ್ಣೆಬಾವಿಗಳ ಹೊಗೆ, ಕಿಟಕಿ ತೆರೆಯುವಂತಿರಲಿಲ್ಲ. ವಾರಕ್ಕೊಬ್ಬರು, ತಿಂಗಳ ಮೊದಲೇ ಚೀಟಿ ಎತ್ತಿ, ಚೀಟಿಯಲ್ಲಿ ಬಂದ ದೇಶದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ಭಾಷಣ ಬರೆದು ಬುಧವಾರವೇ ನನಗೆ ಒಪ್ಪಿಸಬೇಕು, ಆಮೇಲೆ ಒಂದಕ್ಷರ ಬದಲಿಸಬಾರದು. ನಿಯಮ ಮಾಡಿದವನು ನಾನೇ.

ಆ ಸಲ ಹೈಟಿ ಬಂದದ್ದು ಒಂದು ಹೋಟೆಲಿನಲ್ಲಿ ಬಡಿಸುತ್ತಿದ್ದ ಉಡುಪಿ ಕಡೆಯ ಒಬ್ಬರಿಗೆ. ನಲವತ್ತು ದಾಟಿದವರು, ಓದು ಐದನೇ ಕ್ಲಾಸು. ಯುದ್ಧಕ್ಕೆ ಮೊದಲಿನಿಂದಲೂ ಸಭೆಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಇಂಜಿನಿಯರರು, ಬ್ಯಾಂಕಿನವರು ಅವರನ್ನು ಕರೆಯುತ್ತಿದ್ದದ್ದು ಲೋಟ ಎತ್ತಲು ಮಾತ್ರ. ಒಮ್ಮೆಯಾದರೂ ಮುಂದೆ ನಿಂತು ಮಾತಾಡಬೇಕೆಂದು ಅವರಿಗೆ ಆಸೆ. ಗಿರಾಕಿಗಳು ಬಿಟ್ಟುಹೋದ ಇಂಗ್ಲಿಷ್ ಪೇಪರುಗಳನ್ನು ಯಾರ ಕೈಯಲ್ಲೋ ಓದಿಸಿಕೊಂಡು ಒಂದು ತಿಂಗಳು ಬರೆದರು.

ಭಾಷಣದ ವಾರ, ಮಂಗಳವಾರ ಬೆಳಿಗ್ಗೆ ಐದೂವರೆಗೆ, ಎಂದಿನಂತೆ, ರೇಡಿಯೊ ಹಾಕಿದೆ. ಹೈಟಿಯ ಅಧ್ಯಕ್ಷರನ್ನು ಸೈನ್ಯ ಕಿತ್ತುಹಾಕಿತ್ತು. ಅಧಿಕಾರಕ್ಕೆ ಬಂದು ಎಂಟು ತಿಂಗಳೂ ಆಗಿರಲಿಲ್ಲ.

ಬುಧವಾರ ಉಡುಪಿಯವರು ಬಂದು ಕಾಗದ ಕೊಟ್ಟು, "ತಪ್ಪಿದ್ದರೆ ಹೇಳಿ ಸಾರ್" ಎಂದರು. ಎದುರಿಗೇ ಓದಿದೆ. ಅಧ್ಯಕ್ಷರು ಬಡವರ ಕೇರಿಯಲ್ಲಿ ಪಾದ್ರಿಯಾಗಿದ್ದವರು. ಪೂಜೆಯ ನಡುವೆಯೇ ಅವರ ಇಗರ್ಜಿಗೆ ವಿರೋಧಿಗಳು ಬೆಂಕಿ ಹಚ್ಚಿದ್ದರು. ಹೆದರದೆ ಚುನಾವಣೆಗೆ ನಿಂತು ಗೆದ್ದರು. ಪ್ರಮಾಣವಚನದ ಮರುದಿನ ಅರಮನೆಯ ಅಂಗಳಕ್ಕೆ ಬಡವರನ್ನು ಕರೆಸಿ ತಿಂಡಿ ಕೊಟ್ಟರು. ತಿಂಡಿಯ ಭಾಗವನ್ನು ಇವರು ಒಂದು ಪುಟ ಬರೆದಿದ್ದರು, ಸಾಲು ಹೇಗೆ ಕೂರಿಸಿರಬಹುದು ಎನ್ನುವುದನ್ನೂ ಸೇರಿಸಿ. ಹಿಂದಿನ ತಿಂಗಳು ನಾನು ಮಾಡಿದ ಭಾಷಣಕ್ಕಿಂತ ಇದು ಚೆನ್ನಾಗಿತ್ತು.

ಎರಡು ಕಡೆ ದೀರ್ಘಾಕ್ಷರ ತಿದ್ದಿ, "ಸರಿಯಾಗಿದೆ" ಎಂದೆ. ಸುದ್ದಿ ಹೇಳಲಿಲ್ಲ. ಕೊನೆ ಗಳಿಗೆಯವರೆಗೂ ವಿಷಯ ಪರಿಶೀಲಿಸಬೇಕೆಂಬ ಪಾಠ ಕಲಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಮೊದಲ ಪುಟವನ್ನು ಕಾಗದದಿಂದ ತಲೆ ಎತ್ತದೆ ಓದಿದರು. ತಿಂಡಿಯ ಭಾಗಕ್ಕೆ ಬರುವಷ್ಟರಲ್ಲಿ ಹೆಂಗಸರು ಕೂಡ ಮಾತು ನಿಲ್ಲಿಸಿ ಕೇಳುತ್ತಿದ್ದರು. "ಇವತ್ತಿಗೂ ಅಲ್ಲಿ ಅವರದೇ ಆಡಳಿತ. ಬಡವರಿಗೆ ಧೈರ್ಯ ಬಂದಿದೆ" ಎಂದು ಮುಗಿಸಿದರು.

ಚಪ್ಪಾಳೆ ಶುರುವಾಗುವ ಮೊದಲೇ ನಾನು ಎದ್ದೆ. "ಒಂದು ತಿದ್ದುಪಡಿ. ಆ ಆಡಳಿತ ಈ ವಾರ ಮುಗಿದಿದೆ. ಸೈನ್ಯ ಅವರನ್ನು ಇಳಿಸಿದೆ."

"ಖಲಾಸ್! ಹೋಟೆಲಿಗೆ ಸುದ್ದಿಯೂ ತಂಗಳಾಗಿಯೇ ಬರುವುದಾ ಮಾರಾಯ?" ಎಂದರು ಲೆಕ್ಕಪತ್ರ ವಿಭಾಗದ ಒಬ್ಬರು. ಎಲ್ಲರೂ ನಕ್ಕರು.

ಭಾಷಣ ಮಾಡಿದವರು ನಗಲಿಲ್ಲ. ನನ್ನ ಕಡೆ ತಿರುಗಿ, "ಅಧ್ಯಕ್ಷರ ಜೀವಕ್ಕೆ ಏನಾದರೂ ಆಯಿತಾ ಸಾರ್?" ಎಂದು ಕೇಳಿದರು.

"ಇಲ್ಲ. ವಿಮಾನದಲ್ಲಿ ಬೇರೆ ದೇಶಕ್ಕೆ ಕಳಿಸಿದ್ದಾರೆ."

"ಅಷ್ಟಾದರೆ ಸಾಕು. ನೀವು ಯಾವಾಗ ಕೇಳಿದ್ದು?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಮಂಗಳವಾರ" ಎಂದೆ.

ಬುಧವಾರದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನಿಯಮ ಹೇಳಲು ನಾನು ತಯಾರಾಗಿದ್ದೆ. ಕಾಗದ ಮಡಿಸಿಕೊಂಡು ಹಿಂದಿನ ಸಾಲಿಗೆ ಹೋಗಿ ಕುಳಿತರು. ವರದಿ ಪುಸ್ತಕದಲ್ಲಿ ನಾನು "ತಿದ್ದುಪಡಿಯೊಂದಿಗೆ ಭಾಷಣ ಮುಕ್ತಾಯ" ಎಂದು ಬರೆದೆ.

ಮುಂದಿನ ಎರಡು ಶುಕ್ರವಾರ ಅವರು ಬರಲಿಲ್ಲ. ಕ್ಷಮೆ ಕೇಳಬೇಕೆಂದು ಹೋಟೆಲಿಗೆ ಹೋದೆ. ಮಧ್ಯಾಹ್ನದ ಗದ್ದಲ. ಅವರು ಎಂದಿನ ಮರ್ಯಾದೆಯಿಂದಲೇ ತಟ್ಟೆ ಇಟ್ಟು ಅನ್ನ ಬಡಿಸಿದರು. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು: "ಸಭೆಗೆ ಬರುವುದು ತಪ್ಪಿಸಬಾರದು."

"ಶುಕ್ರವಾರವೂ ಡ್ಯೂಟಿ ಹಾಕಿ ಅಂತ ಮಾಲೀಕರಿಗೆ ಹೇಳಿದ್ದೇನೆ ಸಾರ್. ಸಾರು ಹಾಕಲಾ?"

"ಹಾಕಿ" ಎಂದೆ. ತಲೆ ಬಗ್ಗಿಸಿ ಊಟ ಮಾಡಿದೆ.