ತೇಲಿದರೆ ನನ್ನದು

ನಮ್ಮ ಕೆಟಮರಾನಿಗೆ ಎರಡು ಮೂತಿ. ಎರಡರ ನಡುವೆ ಬಲೆ ಬಿಗಿದಿದೆ. ದುಡ್ಡಿರುವ ಅತಿಥಿಗಳು ಅದರ ಮೇಲೆ ಅಂಗಾತ ಬಿದ್ದುಕೊಂಡು, ಸುಣ್ಣಕಲ್ಲಿನ ದ್ವೀಪಗಳು ತಲೆಯ ಮೇಲೆ ಬಂದು ಹೋಗುವುದನ್ನು ಇಡೀ ದಿನ ನೋಡುತ್ತಾರೆ. ಅಡುಗೆ ಕೆಲಸಕ್ಕೆ ಸೇರಿದ ಮೊದಲ ದಿನ ಲಮಾಯ್ ದೊಡ್ಡಮ್ಮ ದೋಣಿಕಟ್ಟೆಯ ಮೇಲೆ ನಿಂತು ಆ ಎರಡು ಮೂತಿಗಳನ್ನೇ ನೋಡಿದಳು. ನಮ್ಮ ಕಡೆ ದೋಣಿಯ ಮೂತಿಯಲ್ಲಿ ಅದನ್ನು ಕಾಯುವ ತಾಯಿ ಇರುತ್ತಾಳೆ, ಅವಳಿಗೆ ಅಲ್ಲಿ ಬಣ್ಣದ ಬಟ್ಟೆ ಕಟ್ಟುತ್ತೇವೆ.

"ಇದಕ್ಕೆ ಬಟ್ಟೆ ಎಲ್ಲಿ ಕಟ್ತೀರೋ? ದೋಣಿಯವ್ವ ಎಡಕ್ಕೆ ಕೂತ್ಕೋತಾಳಾ, ಬಲಕ್ಕಾ?"

"ನಡುವೆ ಬಲೆ ಇದೆಯಲ್ಲ ದೊಡ್ಡಮ್ಮ, ಅಲ್ಲೇ ಮಲಗ್ತಾಳೆ," ಅಂದೆ ನಾನು.

"ನಿನ್ನ ನಾಲಿಗೆ ಸೇದೋಗ!"

ನಮ್ಮಿಬ್ಬರ ಪರಿಚಯ ಆದದ್ದು ಹೀಗೆ. ನನ್ನ ಹೆಸರು ಪೊಂಗ್, ಆ ದೋಣಿಯಲ್ಲಿ ಅತಿಥಿಗಳ ಗ್ಲಾಸು ತುಂಬುವವನು. ಅವಳಿಗೆ ಆಗ ಐವತ್ತೆರಡು. ಕುಳ್ಳಗೆ, ಗಟ್ಟಿಯಾಗಿ, ಮಾತಾಡಿದರೆ ಮೂರು ದೋಣಿ ಆಚೆಗೂ ಕೇಳುವ ಹೆಂಗಸು. ಬೀರುವಿನಷ್ಟಿದ್ದ ಅಡುಗೆಮನೆಯಲ್ಲಿ ನಾಲ್ಕು ವರ್ಷ ಆಳಿದಳು. ಸೀಗಡಿ ಹಿಂಡಿ ವಾಸನೆ ಬರುತ್ತದೆ, ದೋಣಿಗೆ ತರಕೂಡದು ಎಂದು ಕಂಪನಿ ಕಾನೂನು ಮಾಡಿತು. ಅವಳು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದಳು. ಹುಳಿಸಾರು ಖಾರವಾಯಿತು ಎಂದರು. ಅಂದಿನಿಂದ ಎರಡು ಪಾತ್ರೆ ಇಟ್ಟಳು. ಒಂದು ಅತಿಥಿಗಳಿಗೆ, ಖಾರವಿಲ್ಲದ್ದು, ಅದರ ಹೆಸರು 'ಬಾಣಂತಿ ಸಾರು'. ಇನ್ನೊಂದು ನಮಗೆ. ಕಣ್ಣಲ್ಲಿ ನೀರು ಬಾರದಿದ್ದರೆ "ಯಾಕೋ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಅವಳ ಮನೆ ಖ್ಲೊಂಗ್ ಪೂ ಊರಲ್ಲಿ, ಮ್ಯಾಂಗ್ರೋವ್ ಕಾಡಿನ ಅಂಚಿಗೆ. ಅಪ್ಪ ದೋಣಿ ಕಟ್ಟುವವನು. ಮಗಳ ಮದುವೆಗೆ ಆತ ಕೊಟ್ಟದ್ದು ತಾನೇ ಕಟ್ಟಿದ, ಹಿಂದೆ ಎಂಜಿನ್ನಿನ ಉದ್ದ ದಂಡ ಚಾಚುವ ಉದ್ದಬಾಲದ ದೋಣಿ. ಅದರ ಮೂತಿಯ ತುದಿಗೆ, ಮುಂದಲೆಗೆ, ಅಮ್ಮ ಹೂಮಾಲೆ ಸಿಕ್ಕಿಸಲು ಒಂದು ಹಿತ್ತಾಳೆ ಮೊಳೆ ಹೊಡೆದುಕೊಟ್ಟಳು. ದೋಣಿಯವ್ವ ಇರುವುದು ಮುಂದಲೆಯಲ್ಲಿ, ಅಲ್ಲಿಗೆ ಕಾಲು ತಗಲಿಸಬಾರದು. ಮೂವತ್ತು ವರ್ಷ ಗಂಡ ಪ್ರಯೂನ್ ಬಲೆ ಎಳೆದ, ಇವಳು ಚುಕ್ಕಾಣಿ ಹಿಡಿದಳು. ಹುಣ್ಣಿಮೆ ಅಮಾವಾಸ್ಯೆಗೆ ಸೊಂಟದ ಮಟ್ಟ ನೀರಿಗಿಳಿದು ಮಾಲೆ ಕಟ್ಟಿದಳೇ ಹೊರತು ಒಮ್ಮೆಯೂ ಮುಂದಲೆ ಹತ್ತಲಿಲ್ಲ. ಸುನಾಮಿಗೆ ಕಡಲು ಎದ್ದು ನಿಂತ ವರ್ಷ ಪ್ರಯೂನ್ ಒಬ್ಬನೇ ದ್ವೀಪಗಳ ಆಚೆ ಇದ್ದ. ಆ ಬೆಳಿಗ್ಗೆ ಆ ಕಡೆ ಹೋಗಿದ್ದ ಏಳು ದೋಣಿಗಳಲ್ಲಿ ಮನೆಗೆ ಬಂದದ್ದು ಇದೊಂದೇ. ಲಮಾಯ್ ಮಟ್ಟಿಗೆ ಗಂಡನನ್ನು ಮನೆಗೆ ಕರೆತಂದವಳು ದೋಣಿಯವ್ವ. ಅದರ ಬಗ್ಗೆ ಯಾರೂ ವಾದ ಮಾಡುವಂತಿರಲಿಲ್ಲ.

ಹೋದ ವರ್ಷ ಪ್ರಯೂನನ ಭುಜ ಸೋತಿತು, ಎಂಜಿನ್ ಎತ್ತಲಾಗಲಿಲ್ಲ. ಎಂಜಿನ್ ಒಬ್ಬರಿಗೆ ಹೋಯಿತು. ದೋಣಿಯನ್ನು ದೂರದ ತ್ರಾಂಗ್ ಕಡೆಯ ಮೀನುಗಾರನಿಗೆ ಮಾರಿದೆ ಎಂದ. ಲಮಾಯ್ ಎರಡು ದಿನ ಅತ್ತಳು. ಆಮೇಲೆ, "ಹೋಗ್ಲಿ, ನೀರಿನ ಮೇಲಾದ್ರೂ ಇದ್ದಾಳಲ್ಲ," ಎಂದು ಕಣ್ಣೊರೆಸಿಕೊಂಡಳು.

ಮಳೆ ನಿಂತು ಹೊಸ ಋತುವಿನ ಮೊದಲ ಪ್ರವಾಸ. ಎರಡು ಬಂಡೆಗೋಡೆಗಳ ನಡುವಿನ ಪುಟ್ಟ ಮರಳದಂಡೆಯಲ್ಲಿ ನಾವು ಊಟಕ್ಕೆ ಇಳಿಯುತ್ತೇವೆ. ಅಲ್ಲಿ ಮೇಜಿನ ಬದಲು ಒಂದು ಹಳೆಯ ದೋಣಿ ಬಂದು ಕೂತಿತ್ತು. ಹೊಸದಾಗಿ ಬಿಳಿ ನೀಲಿ ಬಣ್ಣ, ಹೊಟ್ಟೆಯ ತುಂಬ ಐಸು, ಐಸಿನ ಮೇಲೆ ಸೀಗಡಿ, ಏಡಿ, ಬಿಯರು. ನೀರಿಗೆ ಮುಖ ಮಾಡಿದ್ದ ಮುಂದಲೆಗೆ ದಿಂಬು ಕಟ್ಟಿ ಪಕ್ಕದಲ್ಲಿ ಏಣಿ ಇಟ್ಟಿದ್ದರು. ಏಣಿ ಹತ್ತಿ, ದಿಂಬಿನ ಮೇಲೆ ಅತ್ತೊಂದು ಇತ್ತೊಂದು ಕಾಲು ಹಾಕಿ ಕೂತು ಫೋಟೊ ತೆಗೆಸಿಕೊಳ್ಳುವುದು. ಸಾಲು ನಿಂತಿತ್ತು.

ಲಮಾಯ್ ನಿಂಬೆಹಣ್ಣು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ಹೋಗಿ ದಿಂಬಿನ ಕೆಳಗೆ ಬೆರಳು ತೂರಿಸಿದಳು. ಹಿತ್ತಾಳೆ ಮೊಳೆ ಸಿಕ್ಕಿತು.

"ಪೊಂಗ್, ಇದು ನಮ್ಮಪ್ಪ ಕಟ್ಟಿದ ದೋಣಿ ಕಣೋ."

ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ದೋಣಿ ಹಾಳಾಗಿ ಕಡಲು ಬಿಡುವಾಗ ಊದುಬತ್ತಿ ಹಚ್ಚಿ, ಸಿಹಿ ಇಟ್ಟು, ಬಟ್ಟೆ ಬಿಚ್ಚಿ, "ಮನೆಗೆ ಬಾರವ್ವ" ಎಂದು ಕರೆಯಬೇಕು. ಇದು ಬೇರೆಯವರ ಕೈಯಲ್ಲಿ ದುಡಿಯುತ್ತದೆ ಎಂದುಕೊಂಡು ಯಾರೂ ಕರೆದಿರಲಿಲ್ಲ. ದೋಣಿಯವ್ವ ಇನ್ನೂ ಅಲ್ಲೇ ಇದ್ದಳು, ದಿಂಬಿನ ಕೆಳಗೆ.

ಸಂಜೆ ಬೈಕಿನಲ್ಲಿ ಅವಳನ್ನು ಮನೆಗೆ ಬಿಟ್ಟವನು ನಾನೇ. ಪ್ರಯೂನ್ ದೊಡ್ಡಪ್ಪ ಬಲೆ ಹೊಲಿಯುತ್ತ ಕೂತಿದ್ದ.

"ತ್ರಾಂಗ್ ತುಂಬಾ ಹತ್ರ ಬಂದ್ಬಿಟ್ಟಿದೆಯಲ್ರಿ," ಅಂದಳು.

ಅವನ ಕೈಯಿಂದ ಸೂಜಿ ಬಿತ್ತು. "ನೋಡಿದ್ಯಾ?"

"ಸೀಗಡಿ ಇಟ್ಟಿದ್ದಾರೆ ಅವಳ ಹೊಟ್ಟೇಲಿ. ಯಾವನ್ಯಾವನೋ ಬಂದು ಅವಳ ತಲೆ ಮೇಲೆ ಕೂರ್ತಾನೆ. ನಿಮ್ಮನ್ನ ಬದುಕಿಸಿ ತಂದ ತಲೆ ಅದು!"

"ಕಂಪನಿಯವರು ಚೆನ್ನಾಗಿ ಇಟ್ಕೋತೀವಿ ಅಂದ್ರು ಕಣೇ. ಬಿಸಿಲಲ್ಲಿ ದುಡಿಯೋ ಬದ್ಲು ನೆರಳಲ್ಲಿ ಇರ್ತಾಳೆ ಅಂತ... ನೀನೂ ದಿನಾ ನೋಡ್ಬೋದಲ್ಲ ಅಂತ..."

"ಅಯ್ಯೋ, ನನಗೋಸ್ಕರ ಮಾರಿದ್ರಾ! ದೊಡ್ಡ ಉಪಕಾರ ಆಯ್ತು."

ಆ ರಾತ್ರಿಯಿಂದ ದೊಡ್ಡಪ್ಪನಿಗೂ ಬಾಣಂತಿ ಸಾರೇ ಗತಿಯಾಯಿತು.

ಮರುದಿನ ಅವಳು ನೇರ ಮ್ಯಾನೇಜರ್ ಹತ್ತಿರ ಹೋದಳು. ತನಾವಿನ್ ಸಾಹೇಬ ಬ್ಯಾಂಕಾಕಿನ ಹುಡುಗ. ಕೆಟ್ಟವನಲ್ಲ, ಆದರೆ ಎಲ್ಲವನ್ನೂ ಫೋನಿನ ಪರದೆಯ ಅಳತೆಯಲ್ಲೇ ನೋಡುವವನು.

"ಅದರ ಮುಂದಲೆ ಮೇಲೆ ಕೂರಿಸಬೇಡಿ ಸಾರ್. ಪೂಜೆ ಮಾಡಿದ ಜಾಗ."

"ಅದು ಮೇಜು ದೊಡ್ಡಮ್ಮ. ದೋಣಿ ಆಕಾರದ ಮೇಜು ಅಂದ್ಕೊಳ್ಳಿ."

"ಹಾಗಾದ್ರೆ ಒಂದು ಬೆಳಿಗ್ಗೆ ನನಗೆ ಬಿಟ್ಕೊಡಿ. ಊದುಬತ್ತಿ ಹಚ್ಚಿ ಅವಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

ಅವನ ಕಣ್ಣರಳಿತು. "ಬೆಳಿಗ್ಗೆ ಯಾಕೆ? ಹನ್ನೆರಡೂವರೆಗೆ ಮಾಡಿ, ಅತಿಥಿಗಳೆಲ್ಲ ಇರ್ತಾರೆ! ಹಳೇ ಕಾಲದ ಡ್ರೆಸ್ ಕೊಡಿಸ್ತೀನಿ. ದಿನಾ ಮಾಡ್ಬೋದಲ್ವಾ?"

ದಿನಾ! ದೇವರನ್ನು ದಿನವೂ ಮನೆಗೆ ಕರೆಯುವುದು, ಮರುದಿನ ತಂದು ಮತ್ತೆ ಸೀಗಡಿಯ ಜೊತೆ ಕೂರಿಸುವುದು. ನನಗೇ ಮೈ ಉರಿಯಿತು. ಲಮಾಯ್ ಮಾತ್ರ, "ಡ್ರೆಸ್ ಬೇಡ ಸಾರ್, ಇದೇ ಸಾಕು," ಎಂದು ಅಡುಗೆಮನೆಗೆ ಬಂದಳು. ಬಂದವಳು ಈರುಳ್ಳಿಯನ್ನು ಎಂಥ ಏಟು ಹಾಕಿ ಕತ್ತರಿಸಿದಳೆಂದರೆ ಹಲಗೆಯೇ ಸೀಳಿತು.

"ಕರೆಯೋದೂ ಇಲ್ಲ, ಏನೂ ಇಲ್ಲ. ಮುರಿದ ದೋಣಿಯಿಂದ ಕರೀತಾರೆ. ಇದು ಮುರಿದಿದೆಯಾ? ನೋಡಿದ್ಯಾ ನೀನು ತಳಾನ?"

ಅವಳು ನೋಡಿದ್ದಳು. ದಡದಲ್ಲಿ ಒಣಗಿದ ಮರದ ದೋಣಿಗೆ ಹಲಗೆ ಬಾಯಿ ಬಿಡುತ್ತದೆ, ನೀರಿಗಿಳಿಸಿದರೆ ಮುಳುಗುತ್ತದೆ. ಆದರೆ ಇದು ಮಳೆಗಾಲವೆಲ್ಲ ನೆನೆದಿತ್ತು, ಈಗ ಈ ಪುಣ್ಯಾತ್ಮರು ದಿನವೂ ಮೂಟೆಗಟ್ಟಲೆ ಐಸು ಸುರಿಯುತ್ತಿದ್ದರು. ಕರಗಿದ ನೀರು ಕುಡಿದು ಕುಡಿದು ತಳದ ಹಲಗೆಗಳು ಉಬ್ಬಿ ಬಿಗಿಯಾಗಿ ಕೂತಿದ್ದವು. ನೀರು ಇಳಿದುಹೋಗಲೆಂದು ಬೈರಿಗೆಯಲ್ಲಿ ಕೊರೆದಿದ್ದ ಒಂದು ತೂತು ಬಿಟ್ಟರೆ ದೋಣಿ ಗಟ್ಟಿಮುಟ್ಟಾಗಿತ್ತು. ಅದನ್ನು ದಡಕ್ಕೆ ತಂದು ಇಟ್ಟವರು ಇಟ್ಟದ್ದು ಸಣ್ಣ ಉಬ್ಬರದ ದಿನ. ಕಡಲು ಅಷ್ಟೇ ಮೇಲೆ ಬರುತ್ತದೆ ಎಂದುಕೊಂಡಿದ್ದರು.

ಲಮಾಯ್ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಅರಿಶಿನದ ಬೆರಳಿಟ್ಟಳು. ನಮ್ಮ ಪಂಚಾಂಗದ ಹನ್ನೆರಡನೆಯ ತಿಂಗಳ ಹುಣ್ಣಿಮೆ ಕಳೆದ ಬಿದಿಗೆ. ವರ್ಷದ ದೊಡ್ಡ ಉಬ್ಬರ, ಅದೂ ನಡುಹಗಲಿಗೆ.

"ಕೆಲಸ ಹೋಗತ್ತೆ ದೊಡ್ಡಮ್ಮ," ಅಂದೆ.

"ಹೋಗ್ಲಿ."

"ಪೊಲೀಸು?"

"ಬರ್ಲಿ. ಅವರಿಗೂ ಅಮ್ಮ ಇರ್ತಾಳೆ."

ಹುಣ್ಣಿಮೆಯ ದಿನ ಊರೆಲ್ಲ ಬಾಳೆದಿಂಡಿನ ಮೇಲೆ ದೀಪ ಇಟ್ಟು ನೀರಿಗೆ ಬಿಟ್ಟಿತು. ಎರಡು ದಿನ ಕಳೆದು ನಾವು ಇಪ್ಪತ್ತೆಂಟು ಅತಿಥಿಗಳೊಡನೆ ಹೊರಟಾಗ ಬಾಡಿದ ದಿಂಡುಗಳು ಇನ್ನೂ ಕಟ್ಟೆಗೆ ಬಡಿಯುತ್ತಿದ್ದವು. ಚುಕ್ಕಾಣಿ ಹಿಡಿದಿದ್ದವನು ಕ್ಯಾಪ್ಟನ್ ಹರೂನ್. ಐದು ಹೊತ್ತು ನಮಾಜು ಮಾಡುವವನು, ದೋಣಿಯವ್ವನ ಗೊಡವೆ ಅವನಿಗಿಲ್ಲ. ಆದರೂ ಎಂದೂ ಇಲ್ಲದ್ದು ಅಂದು ಅಡುಗೆಮನೆಗೆ ಬಗ್ಗಿ, "ಎಷ್ಟು ಹೊತ್ತಿಗೆ ಮುಟ್ಟಿಸ್ಬೇಕಕ್ಕ?" ಎಂದು ಕೇಳಿದ. ನಾನು ಯಾರಿಗೂ ಹೇಳಿರಲಿಲ್ಲ. ಇಬ್ಬರಿಗೆ ಹೇಳಿದ್ದೆ, ಅಷ್ಟೇ.

ನಾವು ಮುಟ್ಟಿದಾಗ ನೀರು ಮುಂದಲೆಯ ಬುಡ ನೆಕ್ಕುತ್ತಿತ್ತು. ಲಮಾಯ್ ಮೊದಲು ಎಲ್ಲರಿಗೂ ಊಟ ಹಾಕಿದಳು. ಉಣ್ಣುವವರ ಮುಂದಿನ ತಟ್ಟೆ ಕಸಿಯುವ ಜಾತಿಯಲ್ಲ ಅವಳು. ಎರಡೆರಡು ಸಲ ಬಡಿಸಿ, ಉಳಿದದ್ದನ್ನು ಚಾಪೆಯ ಮೇಲೆ ಜೋಡಿಸಿ, ನನ್ನತ್ತ ಕೈ ಚಾಚಿದಳು. ಉಕ್ಕುವ ವೈನಿನ ದಪ್ಪ ಬಿರಡೆಯೊಂದನ್ನು ಕೊಟ್ಟೆ. ಚಾಕುವಿನಲ್ಲಿ ಎರಡು ಕಡೆ ಕೆತ್ತಿ, ದೋಣಿಯ ತೂತಿಗೆ ಜಡಿದು, ಒರಳುಕಲ್ಲಿನ ಗುಂಡಿನಿಂದ ನಾಲ್ಕು ಏಟು ಹಾಕಿದಳು. ಆಮೇಲೆ ಐಸನ್ನೆಲ್ಲ ಮೊಗೆದು ಕಡಲಿಗೆ ಎಸೆದಳು.

ಬಿಸ್ಕತ್ತಿನ ಡಬ್ಬಿಯಿಂದ ಮೂರು ಬಣ್ಣದ ಬಟ್ಟೆ, ಒಂದು ಮಾಲೆ ಹೊರಬಂದವು. ಸೊಂಟದ ಮಟ್ಟ ನೀರಿನಲ್ಲಿ ನಿಂತು ದಿಂಬು ಕಿತ್ತೆಸೆದು, ಬಟ್ಟೆ ಕಟ್ಟಿ, ಹಿತ್ತಾಳೆ ಮೊಳೆಗೆ ಮಾಲೆ ಹಾಕಿ ಕೈಮುಗಿದಳು. ಅತಿಥಿಗಳು ಚಪ್ಪಾಳೆ ತಟ್ಟಿದರು! ಕಾರ್ಯಕ್ರಮ ಎಂದುಕೊಂಡರು. ಎಲ್ಲರ ಫೋನುಗಳೂ ಮೇಲೆದ್ದವು.

ಅವಳು ಹಿಂದಕ್ಕೆ ಹೋಗಿ ದೋಣಿಗೆ ಹೆಗಲು ಕೊಟ್ಟಳು. ಅಲುಗಲಿಲ್ಲ. ನಾನೂ ಕೊಟ್ಟೆ. ಆಗ, ಹತ್ತು ನಿಮಿಷದ ಹಿಂದೆ ಅದೇ ಮುಂದಲೆಯ ಮೇಲೆ ಕೂತಿದ್ದ ಕೆಂಪು ಮೈಯ ದಢೂತಿ ಆಸಾಮಿ ಗ್ಲಾಸು ಮರಳಿಗೆ ಊರಿ ಓಡಿ ಬಂದ. ಅವನ ಹಿಂದೆ ಇನ್ನೂ ಏಳೆಂಟು ಜನ. ಅವರ ಭಾಷೆಯಲ್ಲಿ ಒಂದು, ಎರಡು, ಮೂರು ಅಂದರು. ದೋಣಿ ಮರಳು ಬಿಟ್ಟು ನೀರಿನ ಮೇಲೆ ಎದ್ದಿತು. ಲಮಾಯ್ ಕೆಟಮರಾನಿನಿಂದ ತಂದಿದ್ದ ಹುಟ್ಟು ಹಿಡಿದು ಪಕ್ಕದಿಂದ ಹಿಂಬದಿಗೆ ಹತ್ತಿ ಕೂತಳು.

ತಾನು ಹೇಳಿದ ಕಾರ್ಯಕ್ರಮವೇ ಎಂದು ಅಲ್ಲಿಯವರೆಗೆ ನೋಡುತ್ತಿದ್ದ ತನಾವಿನ್ ಸರ್ವೆಮರದ ನೆರಳಿನಿಂದ ಓಡಿಬಂದ. "ಏನ್ ಮಾಡ್ತಿದೀರಾ ದೊಡ್ಡಮ್ಮ! ವಾಪಸ್ ತನ್ನಿ! ಅದು ಕಂಪನಿ ಮೇಜು!"

ಅವಳು ಹುಟ್ಟು ಊರಿ ದೋಣಿ ನಿಲ್ಲಿಸಿದಳು. "ಮೇಜಾದ್ರೆ ಮುಳುಗತ್ತೆ ಸಾರ್. ಮುಳುಗಿದ್ರೆ ಎತ್ಕೊಳ್ಳಿ, ನಿಮ್ದು. ತೇಲಿದ್ರೆ ನಂದು."

"ನಾಳೆಯಿಂದ ಕೆಲಸಕ್ಕೆ ಬರ್ಬೇಡಿ!"

"ಬರಲ್ಲ. ಸೀಗಡೀನ ಬಾಲದ ಕಡೆಯಿಂದ ಸುಲೀಬೇಕು, ನೆನಪಿಟ್ಕೊಳ್ಳಿ."

ಬೂಟು ಹಾಕಿದ ಕಾಲಲ್ಲೇ ಮೊಣಕಾಲು ಮಟ್ಟ ನೀರಿಗಿಳಿದು ಅವನು ಹರೂನನ ಕಡೆ ಕಿರುಚಿದ, "ಬೆನ್ನು ಹತ್ತಿ!"

ಹರೂನ್ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತಿದ್ದ. "ಅತಿಥಿಗಳನ್ನ ದಡದಲ್ಲಿ ಬಿಟ್ಟು ಹೊರಡಬಾರದು ಅಂತ ನೀವೇ ಬರೆದು ಅಂಟಿಸಿದ್ದೀರಲ್ಲ ಸಾರ್," ಅಂದ.

ಮುಂದಿನದನ್ನು ಈಗಲೇ ಹೇಳಿ ಮುಗಿಸುತ್ತೇನೆ, ನನಗೆ ಬೇಕಾದದ್ದು ಅದಲ್ಲ. ಮರುದಿನ ಖ್ಲೊಂಗ್ ಪೂ ಊರಿನ ಮುಖ್ಯಸ್ಥನ ಮನೆಯಲ್ಲಿ ಪಂಚಾಯಿತಿ ಕೂತಿತು. ಕಂಪನಿಗೆ ಬೇಕಾದದ್ದು ಏನು ಎಂದು ಆತ ಕೇಳಿದ. ದೋಣಿ ಆಕಾರದ ಮೇಜು ಎಂದು ತನಾವಿನ್ ಹೇಳಲೇಬೇಕಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು: ಪ್ರಯೂನ್ ನೋಯುವ ಭುಜದಲ್ಲೇ ಒಂಬತ್ತು ದಿನ ಕೂತು ಪ್ಲೈವುಡ್ಡಿನಲ್ಲಿ ಒಂದು ದೋಣಿ ಮಾಡಿಕೊಟ್ಟ. ಈಗ ಅತಿಥಿಗಳು ಅದರ ಮೂತಿಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರೊಳಗೆ ಯಾರೂ ಇಲ್ಲ. ಲಮಾಯ್ ಮತ್ತೆ ಕೆಟಮರಾನ್ ಹತ್ತಲಿಲ್ಲ. ಹೊಸ ಅಡುಗೆಯವನ ಎರಡು ಪಾತ್ರೆಯಲ್ಲೂ ಬಾಣಂತಿ ಸಾರೇ.

ನನಗೆ ಹೇಳಬೇಕಾದದ್ದು ಆ ಮಧ್ಯಾಹ್ನದ್ದು. ಅತಿಥಿಗಳನ್ನು ಹತ್ತಿಸಿಕೊಂಡು ನಾವು ಹೊರಡುವಷ್ಟರಲ್ಲಿ ಇಳಿತ ಶುರುವಾಗಿತ್ತು. ದೊಡ್ಡ ಬಂಡೆ ದಾಟಿದಾಗ ಅವಳು ಕಂಡಳು. ಆ ಬಂಡೆಯನ್ನು ಸುತ್ತಿ ಇಳಿಯುವ ನೀರು ದೋಣಿಯನ್ನು ತಾನಾಗಿ ಊರ ಕಡೆ ಒಯ್ಯುತ್ತಿತ್ತು. ಅವಳು ಅನ್ನದ ಪಾತ್ರೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ತುರುಬು ಬಿಚ್ಚಿಹೋಗಿತ್ತು, ಮೈಯೆಲ್ಲ ಒದ್ದೆ. ದೋಣಿ ತೇಲುತ್ತಿತ್ತು. ಹರೂನ್ ಯಾರನ್ನೂ ಕೇಳದೆ ಎಂಜಿನ್ ನಿಲ್ಲಿಸಿದ.

ಆಚೆಯಿಂದ ನೆರೆಯವರ ದೋಣಿಯಲ್ಲಿ ಪ್ರಯೂನ್ ಬರುತ್ತಿದ್ದ. ನಾನು ಹೇಳಿದ್ದ ಎರಡನೆಯವನು ಅವನೇ. ಹತ್ತಿರ ಬಂದು, "ಹಗ್ಗ ಎಸಿಯೇ, ಎಳ್ಕೊಂಡು ಹೋಗ್ತೀನಿ," ಅಂದ.

ಅವಳು ಹಗ್ಗವನ್ನು ಮಡಿಲಲ್ಲೇ ಇಟ್ಟುಕೊಂಡಳು. "ಮೊದ್ಲು ಅವಳಿಗೆ ಹೇಳಿ."

"ಏನು?"

"ನಿಮಗೇ ಗೊತ್ತು."

ಅವನು ಸುತ್ತ ನೋಡಿದ. ನಾವೆಲ್ಲ ಇದ್ದೆವು. ಬಲೆಯ ಮೇಲೆ ಇಪ್ಪತ್ತೆಂಟು ಜನ ಎದ್ದು ಕೂತಿದ್ದರು. ದೊಡ್ಡಪ್ಪ ನಿಧಾನವಾಗಿ ಮಂಡಿಯೂರಿ, ನೋಯುವ ಭುಜವನ್ನು ಎತ್ತಿ, ಬಟ್ಟೆ ಕಟ್ಟಿದ ಮುಂದಲೆಗೆ ಕೈಮುಗಿದ. ತುಟಿ ಅಲುಗಿತು, ನಮಗೇನೂ ಕೇಳಿಸಲಿಲ್ಲ.

"ಜೋರಾಗಿ!" ಲಮಾಯ್ ಕೂಗಿದಳು. "ವಾರಗಟ್ಟಲೆ ಐಸಿನ ಪಕ್ಕ ಕೂತು ಅವ್ವಂಗೆ ಕಿವಿ ಮಂದ ಆಗಿದೆ!"

"ನೀನು ನನ್ನ ಜೀವ ಉಳಿಸಿದ್ದೆ ತಾಯಿ," ಪ್ರಯೂನನ ಕೂಗು ಸುಣ್ಣಕಲ್ಲಿನ ಗೋಡೆಗೆ ಬಡಿದು ವಾಪಸು ಬಂತು, "ನಾನು ನಿನ್ನನ್ನ ಮೇಜು ಮಾಡೋಕೆ ಮಾರ್ಬಿಟ್ಟೆ. ತಪ್ಪಾಯ್ತು. ಮನೆಗೆ ಬಾ."

ಆಗ ಅವಳು ಹಗ್ಗ ಎಸೆದಳು.