ಎರಡು ಬೋಟು, ಒಂದು ಬೊಡ್ಡೆ

ನಮ್ಮೂರ ಕೆರೆಯಲ್ಲಿ ನೀರಿಗಿಂತ ಜಾಲಿ ಮರವೇ ಹೆಚ್ಚಿದ್ದ ಕಾಲ ಅದು. ಸೂಲಿಬೆಲೆ ಸುತ್ತಮುತ್ತ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಎಂದರೆ ನಮಗೆ ಮೇಕೆ ಮೇಯಿಸುವ, ಕುಂಟೆಬಿಲ್ಲೆ ಆಡುವ, ಕದ್ದ ಮಾವಿನಕಾಯಿಗೆ ಉಪ್ಪು ಕಾರ ಹಚ್ಚಿ ತಿನ್ನುವ ಬಯಲು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮರಗಳನ್ನು ಹರಾಜು ಹಾಕಿ ಕಡಿದುಕೊಂಡು ಹೋದರು. ಸೊಂಟದೆತ್ತರದ ಬೊಡ್ಡೆಗಳು ಉಳಿದವು. ಅವಕ್ಕೂ ನಾವು ಹೆಸರಿಟ್ಟಿದ್ದೆವು. ಕೆರೆಯೊಳಗಿನ ದಿಬ್ಬದ ಮೇಲಿದ್ದದ್ದು ಉಯ್ಯಾಲೆ ಬೊಡ್ಡೆ. ಅದು ಮರವಾಗಿದ್ದಾಗ ಅಪ್ಪ ನನಗೆಂದೇ ಅದರ ಕೊಂಬೆಗೆ ಹಗ್ಗ ಕಟ್ಟಿಕೊಟ್ಟಿದ್ದ.

ಮುಂದಿನ ವರ್ಷ ಮಳೆ ಹುಚ್ಚು ಹಿಡಿದಂತೆ ಹೊಯ್ದು ಕೆರೆ ಕೋಡಿ ಬಿತ್ತು. ಊರ ತುಂಬಾ ಮೀನು ಸಾರಿನ ವಾಸನೆ. ಆಚೆ ದಡದ ಹಟ್ಟಿಗೆ ಹೋಗುವ ದಾರಿ ಮಾತ್ರ ಮುಳುಗಿಹೋಯಿತು. ಹಟ್ಟಿಯವರ ಹಾಲು ಸುತ್ತು ದಾರಿಯಲ್ಲಿ ನಮ್ಮೂರ ಡೇರಿಗೆ ಬರುವಷ್ಟರಲ್ಲಿ ಒಡೆದು ಹೋಗುತ್ತಿತ್ತು.

ಅಪ್ಪ ಮೊದಲು ಕೆ.ಆರ್.ಎಸ್. ಹಿನ್ನೀರಿನಲ್ಲಿ ಬೋಟು ನಡೆಸುತ್ತಿದ್ದವನು. ನಾನಿನ್ನೂ ಚಿಕ್ಕವಳಿದ್ದಾಗಲೇ ಆ ಕೆಲಸ ಹೋಗಿ, ನಾವು ಊರಿಗೆ ಬಂದು ದೊಡ್ಡಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಕೆರೆ ತುಂಬಿದ ಮೇಲೆ ಅಪ್ಪನಿಗೆ ಜೀವ ಬಂದಂತಾಗಿತ್ತು. ಎಲ್ಲಿಂದಲೋ ಒಂದು ಹಳೇ ತೆಪ್ಪ ತಂದು, ಸಂಜೆ ನನ್ನನ್ನು ಕೂರಿಸಿಕೊಂಡು ಹುಟ್ಟು ಹಾಕುತ್ತಿದ್ದ. ನಡುಕೆರೆಗೆ ಹೋದ ಮೇಲೆ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

“ಹೇಳವ್ವಾ ಗೌರಿ, ಯಾವ ಕಡೀಕೆ?”

“ಎಡಕ್ಕೆ ಅಪ್ಪಾ, ಮಾವಿನಕಾಯಿ ಬೊಡ್ಡೆ. ಈಗ ಬಲಕ್ಕೆ, ಉಯ್ಯಾಲೆ ಬೊಡ್ಡೆ.”

ನೀರಿನಡಿ ಕಾಣದ ಬೊಡ್ಡೆಗಳೆಲ್ಲ ನನಗೆ ಅಂಗೈಯಷ್ಟು ಗೊತ್ತಿದ್ದವು. ಒಂದು ದಿನವೂ ತೆಪ್ಪಕ್ಕೆ ಒಂದು ಗೀರು ಬಿದ್ದಿರಲಿಲ್ಲ.

ದೊಡ್ಡಪ್ಪ ಡೇರಿ ಅಧ್ಯಕ್ಷ. ಹಾಲು ತರಲು ಬೋಟು ಕೊಳ್ಳುವುದೆಂದು ಸಂಘ ತೀರ್ಮಾನಿಸಿತು. ಮುಚ್ಚಿಹೋದ ಯಾವುದೋ ರೆಸಾರ್ಟಿನವರು ಲಾರಿಯಲ್ಲಿ ಎರಡು ಅಲ್ಯೂಮಿನಿಯಂ ಬೋಟು ತಂದು ಡೇರಿ ಮುಂದೆ ಇಳಿಸಿದರು. ಎರಡಕ್ಕೂ ಹಿಂದುಗಡೆ ಪುಟ್ಟ ಎಂಜಿನ್. ಒಂದನ್ನು ಆರಿಸಿಕೊಳ್ಳಬೇಕು, ಇನ್ನೊಂದು ಸಂಜೆಗೇ ವಾಪಸ್ಸು. ಒಂದಕ್ಕೆ ನೀಲಿ ಬಣ್ಣ, ಚೂಪು ಮೂತಿ, ಆಳವಾದ ಹೊಟ್ಟೆ. ಇನ್ನೊಂದು ಬಣ್ಣವಿಲ್ಲದ್ದು, ಚಪ್ಪಟೆ ತಳ, ಅಲ್ಲಲ್ಲಿ ತಗ್ಗು ಬಿದ್ದಿತ್ತು. ಎಂಜಿನ್ ಶುರು ಮಾಡಿದಾಗ ಪೆಟ್ರೋಲ್ ವಾಸನೆಗೆ ನಾವು ಮಕ್ಕಳು ಮೂಗರಳಿಸಿ ನಿಂತೆವು. ಹೊಸ ಬೋಟು ನಡೆಸುವವನು ಅಪ್ಪನೇ ಎಂದು ನಾನು ಆಗಲೇ ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದೆ.

ಅಪ್ಪ ಎರಡರ ತಳವನ್ನೂ ತಟ್ಟಿ, ನೆಲಕ್ಕೆ ಮಲಗಿ ನೋಡಿದ. “ಅಣ್ಣಾ, ಈ ಚಪ್ಪಟೇದೇ ಇರ್ಲಿ. ನೀಲೀದು ನೀರೊಳಗೆ ಆಳಕ್ಕೆ ಇಳೀತದೆ. ಕೆಳಗೆ ಬೊಡ್ಡೆಗಳವೆ, ತಗುಲ್ಕೊಂಬಿಡ್ತದೆ.”

“ಇದಾ? ದನ ನೀರು ಕುಡಿಯೋ ತೊಟ್ಟಿ ಇದ್ದಂಗದೆ! ಅಧ್ಯಕ್ಷ ತೊಟ್ಟೀಲಿ ಹಾಲು ತಂದ ಅಂತ ಜನ ನಗ್ಬೇಕಾ?” ಎಂದ ದೊಡ್ಡಪ್ಪ.

“ನಗ್ಲಿ ಬಿಡಣ್ಣಾ. ಕ್ಯಾನು ಇಟ್ರೂ ಅಲುಗಾಡಲ್ಲ ಅದು.”

ದೊಡ್ಡಪ್ಪನ ಮುಖ ಕೆಂಪಗಾಯಿತು. ಅಷ್ಟೂ ಜನರೆದುರು ಅವನು ಆಡಿದ್ದು ನನಗೆ ಅಕ್ಷರಕ್ಷರ ನೆನಪಿದೆ. “ನನ್ನ ಮನೇಲಿ ಬಿದ್ಕೊಂಡು, ನನ್ನ ಅನ್ನ ತಿಂದ್ಕೊಂಡು, ನಂಗೇ ಬುದ್ಧಿ ಹೇಳ್ತೀಯೇನ್ಲಾ? ಇದ್ದ ಕೆಲ್ಸ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ. ಹೋಗ್ಲಾ, ಕೊಟ್ಟಿಗೇಲಿ ಸಗಣಿ ಬಾಚೋಗು. ಬೋಟು ನಮ್ಮ ಮಂಜ ನಡೆಸ್ತಾನೆ.”

ಜನ ನಕ್ಕರು. ದೊಡ್ಡಪ್ಪನ ಮಗ ಮಂಜಣ್ಣನೂ ಹಲ್ಲು ಕಿರಿದ. ಅಪ್ಪ ಟವೆಲ್ಲಿನಲ್ಲಿ ಕೈಯೊರೆಸಿಕೊಂಡು ಮನೆ ಕಡೆ ನಡೆದ. ನಾನು ಹಿಂದೆಯೇ ಓಡಿದೆ. ಅಪ್ಪ ನಿಜಕ್ಕೂ ಕೊಟ್ಟಿಗೆಗೆ ಹೋಗಿ ಸಗಣಿ ಬಾಚುತ್ತಿದ್ದ. ಬೈದಿದ್ದನ್ನಾದರೂ ಸಹಿಸಿಕೊಂಡೇನು, ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಮಾಡ್ತೀನಿ ಇರು ದೊಡ್ಡಪ್ಪಾ ನಿಂಗೆ, ಎಂದು ಹಲ್ಲು ಕಚ್ಚಿಕೊಂಡೆ.

ಆ ವಾರವೆಲ್ಲ ನಾನು ದೊಡ್ಡಪ್ಪನಿಗೆ ಕಾಫಿ ಕೊಟ್ಟೆ, ಚಪ್ಪಲಿ ತಂದಿಟ್ಟೆ, ಕರೆದಾಗೆಲ್ಲ “ಬಂದೆ ದೊಡ್ಡಪ್ಪಾ” ಎಂದೆ. ಅವ್ವನಿಗೇ ಆಶ್ಚರ್ಯ. ಕಾದಿದ್ದಕ್ಕೆ ಫಲ ಸಿಕ್ಕಿತು. ಬೋಟು ಇಳಿಸುವ ದಿನ ದೊಡ್ಡಪ್ಪನೇ ಕರೆದ. “ಲೇ ಗೌರಿ, ಬೊಡ್ಡೆ ಎಲ್ಲೆಲ್ಲವೆ ಅಂತ ನಿಂಗೆ ಗೊತ್ತಲ್ವಾ? ಮುಂದೆ ಕೂತ್ಕೊಂಡು ಮಂಜಂಗೆ ಕೈ ತೋರ್ಸು.”

ನೀಲಿ ಬೋಟಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದೆಂದು ದೊಡ್ಡ ಚರ್ಚೆಯೇ ನಡೆದು, ಕೊನೆಗೆ ಮೂತಿಯಡಿ ಇಟ್ಟು ನೀರಿಗೆ ತಳ್ಳಿದರು. ಹೋಗುವಾಗ ನಾನು ಸರಿಯಾಗಿಯೇ ದಾರಿ ತೋರಿಸಿದೆ. ಹಟ್ಟಿಯಲ್ಲಿ ಐದು ಕ್ಯಾನು ಹಾಲು ತುಂಬಿಕೊಂಡೆವು. ಬರುವಾಗ ನಮ್ಮೂರ ದಡದಲ್ಲಿ ಜನ ಜಮಾಯಿಸಿದ್ದರು. ಬೋಟಿನ ನಡುವೆ ಕೂತಿದ್ದ ದೊಡ್ಡಪ್ಪ ಬಿಳಿ ಪಂಚೆಯಲ್ಲಿ ಎದ್ದು ನಿಂತು ಕೈಬೀಸಿದ.

“ಜೋರಾಗಿ ಬಿಡ್ಲಾ ಮಂಜ, ನೋಡ್ಲಿ ಎಲ್ರೂ!”

“ಯಾವ ಕಡೆ ಗೌರಿ?” ಎಂದು ಮಂಜಣ್ಣ ಕೂಗಿದ.

ಬಲಕ್ಕೆ ಹೋಗಬೇಕಿತ್ತು. ನಾನು ಎಡಕ್ಕೆ ಕೈ ತೋರಿಸಿ, ಎರಡೂ ಕೈಯಲ್ಲಿ ಹಲಗೆ ಗಟ್ಟಿಯಾಗಿ ಹಿಡಿದುಕೊಂಡೆ.

ಧಡ್ ಎಂದು ಬಡಿದು ಬೋಟಿನ ತಳ ಕರಕರನೆ ಸೀಳಿತು. ಎಂಜಿನ್ ಕಿರುಚಿ ನಿಂತುಹೋಯಿತು. ಕ್ಯಾನುಗಳು ಉರುಳಿ, ಹಾರ ಹರಿದು, ನಮ್ಮ ಸುತ್ತ ನೀರೆಲ್ಲ ಬೆಳ್ಳಗಾಯಿತು. ದೊಡ್ಡಪ್ಪ ತಲೆ ಕೆಳಗಾಗಿ ಬಿದ್ದು, “ಅಯ್ಯಯ್ಯೋ ಸತ್ತೆ, ಯಾರಾದ್ರೂ ಬನ್ರಪ್ಪೋ” ಎಂದು ಬಾಯಿ ಬಡಿದುಕೊಂಡ. ದಿಬ್ಬದ ಮೇಲೆ ನೀರಿದ್ದದ್ದು ಎದೆಮಟ್ಟ. ಎದ್ದು ನಿಂತಿದ್ದರೆ ಸಾಕಿತ್ತು. ದಡದಲ್ಲಿದ್ದವರು ಅವತ್ತು ಅಪ್ಪನನ್ನು ನೋಡಿ ನಕ್ಕಿದ್ದಕ್ಕಿಂತ ಜೋರಾಗಿ ನಕ್ಕರು. ನನ್ನ ಹೊಟ್ಟೆ ತಣ್ಣಗಾಯಿತು. ಆ ತಂಪು ಇವತ್ತಿಗೂ ನೆನಪಿದೆ, ಸುಳ್ಳು ಯಾಕೆ ಹೇಳಲಿ?

ಅಪ್ಪ ತೆಪ್ಪ ತೆಗೆದುಕೊಂಡು ಬಂದ. ಅಣ್ಣನನ್ನು ಮಗುವಿನ ಹಾಗೆ ಎತ್ತಿ ಕೂರಿಸಿದ. ಆಮೇಲೆ ನೀರೊಳಗೆ ಕೈಯಿಳಿಸಿ ಬೊಡ್ಡೆಯನ್ನು ಮುಟ್ಟಿ ನೋಡಿದ. ಉಯ್ಯಾಲೆಯ ಹಗ್ಗ ತಿಕ್ಕದಿರಲೆಂದು ಅಪ್ಪ ಕೊಂಬೆಗೆ ಸುತ್ತಿದ್ದ ಗೋಣಿಯನ್ನು, ಕೊಂಬೆ ಹೋದ ಮೇಲೆ ನಾನೇ ಆ ಬೊಡ್ಡೆಗೆ ಕಟ್ಟಿದ್ದೆ. ಅದು ಇನ್ನೂ ಅಲ್ಲೇ ಇತ್ತು. ಅಪ್ಪ ತಲೆಯೆತ್ತಿ ನನ್ನನ್ನೇ ನೋಡಿದ.

“ಇದು ನಿಂಗೆ ಗೊತ್ತಾಗ್ಲಿಲ್ವೇನವ್ವಾ?”

“ಇಲ್ಲ ಅಪ್ಪಾ,” ಎಂದೆ.

ವಾರ ಕಳೆದ ಮೇಲೆ ದೊಡ್ಡಪ್ಪ ಸಂಘದವರನ್ನು ಕರೆದುಕೊಂಡು ನಮ್ಮ ಹಿಂದಿನ ಕೋಣೆಗೆ ಬಂದ. “ಅವತ್ತು ನಾನು ಹಂಗೆಲ್ಲ ಅನ್ನಬಾರ್ದಿತ್ತು ಕಣಪ್ಪಾ. ಆ ಚಪ್ಪಟೇದನ್ನೇ ತರಿಸ್ತೀವಿ. ನೀನೇ ನಡ್ಸು,” ಎಂದ. ನಾನು ಬಾಗಿಲ ಹಿಂದೆ ನಿಂತು ಕುಣಿದಾಡಿಬಿಟ್ಟೆ. ಗೆದ್ದೆ ಎಂದುಕೊಂಡೆ.

“ಬೇಡಣ್ಣಾ. ಬೇರೆಯೋರ್ನ ನೋಡ್ಕೊಳ್ಳಿ,” ಎಂದ ಅಪ್ಪ.

ಯಾರು ಎಷ್ಟು ಕೇಳಿದರೂ ಒಪ್ಪಲಿಲ್ಲ. ಅವರೆಲ್ಲ ಹೋದ ಮೇಲೆ ಅವ್ವ, “ಮನೆ ಬಾಗಿಲಿಗೆ ಬಂದ ಕೆಲ್ಸ ಯಾಕ್ ಬೇಡ ಅಂದ್ರಿ?” ಎಂದು ಅತ್ತಳು. ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. “ಹಟ್ಟಿಯೋರ ಹಾಲು ಐದು ಕ್ಯಾನು ಕೆರೆ ಪಾಲಾಯ್ತು. ಅವ್ರು ನಮಗೇನ್ ಮಾಡಿದ್ರು? ಯಾವ ಮುಖ ಇಟ್ಕೊಂಡು ಅವ್ರ ಹಾಲು ಹತ್ತಿಸ್ಕೊಳ್ಳಲಿ?” ಎಂದಷ್ಟೇ ಹೇಳಿದ. ಚಪ್ಪಟೆ ಬೋಟು ಬಂತು. ಬೇರೆ ಊರಿನವನೊಬ್ಬ ಅದನ್ನು ನಡೆಸಿದ. ಬೇಸಿಗೆಗೆ ಅಪ್ಪ ಹೊಸಕೋಟೆಯ ಗೋಡೌನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ.

ಈಗ ಕೆರೆಯಲ್ಲಿ ವರ್ಷವಿಡೀ ನೀರಿದೆ. ಬೆಂಗಳೂರಿನ ಕೊಳಚೆ ಶುದ್ಧಿ ಮಾಡಿ ಬಿಟ್ಟದ್ದಂತೆ. ಸುತ್ತ ತಂತಿ ಬೇಲಿ, ಮಕ್ಕಳು ಕಾಲಿಡುವುದಿಲ್ಲ, ಕೋಡಿ ಮೀನಿನ ಮಾತೇ ಇಲ್ಲ. ನೀಲಿ ಬೋಟಿನ ಸೀಳಿಗೆ ಸಿಮೆಂಟು ಮೆತ್ತಿ ದೊಡ್ಡಪ್ಪ ಹಿತ್ತಲಲ್ಲಿ ಇಟ್ಟುಕೊಂಡಿದ್ದಾನೆ. ಅವನ ಸೀಮೆ ಹಸುಗಳು ಅದರಲ್ಲೇ ನೀರು ಕುಡಿಯುತ್ತವೆ. ಊರಿಗೆ ಹೋದಾಗಲೆಲ್ಲ ಅದನ್ನು ನೋಡಿಕೊಂಡೇ ಬರುತ್ತೇನೆ. ತೊಟ್ಟಿ ಎಂದು ಆಡಿಕೊಂಡವನಿಗೆ ತೊಟ್ಟಿಯೇ ಗತಿಯಾಯಿತಲ್ಲ ಎಂದು ಖುಷಿಯೂ ಆಗುತ್ತದೆ. ದೊಡ್ಡಪ್ಪನ ವಿಷಯದಲ್ಲಿ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಘಟನೆಯಾದ ಮೇಲೂ ಎಷ್ಟೋ ಭಾನುವಾರ ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಕಡಲೆಕಾಯಿ ಕೊಡಿಸುತ್ತಿದ್ದ, ಹಿನ್ನೀರಿನ ಕತೆ ಹೇಳುತ್ತಿದ್ದ, ಬೈದದ್ದಂತೂ ಇಲ್ಲವೇ ಇಲ್ಲ. ನಡುಕೆರೆಗೆ ಬಂದಾಗ ನಾನು ಅವನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದೆ. ಅಪ್ಪ ಮತ್ತೆಂದೂ ಕಣ್ಣು ಮುಚ್ಚಲಿಲ್ಲ.