ಅರಿಶಿನದ ಮೀನಿಗೊಂದು ಜೊತೆ

ಕಲ್ಲುಪ್ಪು ಹಾಕಿ ಕುದಿಸಿದ ನೀರು ಆರುತ್ತಿರುವಾಗ ಅದರಿಂದ ಒಂದು ವಾಸನೆ ಬರುತ್ತದೆ. ವಾಸನೆ ಎಂದರೆ ಪೂರ್ತಿ ವಾಸನೆಯೂ ಅಲ್ಲ, ಮೂಗಿನೊಳಗೆ ಒದ್ದೆ ಬಟ್ಟೆ ತಾಗಿದ ಹಾಗೆ. ಈ ಸಲವೂ ಕೂಟಗಲ್ ಕಡೆಯಿಂದ ಮಾವಿನಕಾಯಿ ತರಿಸಿ, ತೊಳೆದು, ಒರೆಸಿ, ಹಳೇ ಸೀರೆಯ ಮೇಲೆ ಹರವಿ, ಉಪ್ಪುನೀರಿನ ಪಾತ್ರೆಯನ್ನು ಅಡುಗೆಮನೆಯ ಕಿಟಕಿಯ ಕೆಳಗೆ ಇಟ್ಟಿದ್ದೆ. ಆರಿದೆಯೋ ಇಲ್ಲವೋ ನೋಡೋಣವೆಂದು ಬಗ್ಗಿದಾಗ ಆ ವಾಸನೆ ಮುಖಕ್ಕೆ ಬಂತು. ಪಾತ್ರೆಯ ಮುಂದೆ ಹಾಗೇ ಕೂತುಬಿಟ್ಟೆ. ಪಕ್ಕದ ಮನೆಯ ನಡುಮನೆ, ನೀಲಿ ಬೆಳಕು, ಗುಳುಗುಳು ಸದ್ದು ಮಾಡುವ ಪಂಪು, ರವಿಕೆಯ ತೋಳು ಮಡಿಸಿಕೊಂಡು ಗಾಜಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ನಿಂತ ನರ್ಸಮ್ಮ...

ಆಗ ನಾವು ರಾಮನಗರದಲ್ಲಿ, ಹೆದ್ದಾರಿಗೆ ಹತ್ತಿರದ ಒಂದು ವಠಾರದಲ್ಲಿದ್ದೆವು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಬೆಳಿಗ್ಗೆ ಬಣ್ಣಬಣ್ಣದ ಕಂಪನಿ ಬಸ್ಸುಗಳು ಬಂದು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ವಠಾರದ ತಂತಿಯ ಮೇಲೆ ಒಣಗುವ ಸಮವಸ್ತ್ರ ನೋಡಿದರೆ ಸಾಕು, ಯಾವ ಮನೆಯವರು ಯಾವ ಕಾರ್ಖಾನೆಯವರು ಎಂದು ಹೇಳಬಹುದಿತ್ತು. ಬಿಳಿ ಸೀರೆ ಒಣಗುತ್ತಿದ್ದುದು ನಮ್ಮ ಪಕ್ಕದ ಮನೆಯ ತಂತಿಯ ಮೇಲೆ ಮಾತ್ರ. ಅವರು ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನರ್ಸ್. ಸಮುದ್ರದ ಕಡೆಯವರು, ನಲವತ್ತು ದಾಟಿದ್ದವರು, ಮದುವೆ ಆಗಿರಲಿಲ್ಲ. ನಾವೆಲ್ಲ ನರ್ಸಮ್ಮ ಎನ್ನುತ್ತಿದ್ದೆವು.

ಅವರು ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸಾಮಾನು ಕಡಿಮೆ. ಹಾಸಿಗೆಗಳ ನಡುವೆ ಸುತ್ತಿದ್ದ ಒಂದು ಉದ್ದನೆಯ ಗಾಜಿನ ತೊಟ್ಟಿ, ಒಂದು ಮಂಚ, ಎರಡು ಟ್ರಂಕು. ಡ್ರೈವರ್ ಎಷ್ಟು ಹೇಳಿದರೂ ನರ್ಸಮ್ಮ ಟೆಂಪೋದ ಹಿಂಭಾಗದಿಂದ ಇಳಿಯಲಿಲ್ಲ. ಎರಡು ಮೊಣಕಾಲುಗಳ ನಡುವೆ ಮುಚ್ಚಳದ ಬಕೆಟ್ ಹಿಡಿದುಕೊಂಡು ಕೂತೇ ಇದ್ದರು. ಒಳಗೆ ತೊಟ್ಟಿ ನಿಂತು, ಅದಕ್ಕೆ ಕ್ಯಾನುಗಳಲ್ಲಿ ತಂದಿದ್ದ ಉಪ್ಪುನೀರು ತುಂಬಿ, ಪಂಪು ಸದ್ದು ಮಾಡಿದ ಮೇಲೆಯೇ ಇಳಿದರು. ಬಕೆಟ್ಟಿನಲ್ಲಿ ಇದ್ದುದು ಒಂದೇ ಒಂದು ಮೀನು. ಅಂಗೈಯಗಲ, ತಟ್ಟೆಯ ಹಾಗೆ ಚಪ್ಪಟೆ, ಮೂತಿ ಮಾತ್ರ ಚೂಪು. ಮೈಯೆಲ್ಲ ಹಳದಿ, ಆಗತಾನೆ ಅರೆದ ಹಸಿ ಅರಿಶಿನದಂಥ ಹಳದಿ.

ಅದು ಸಮುದ್ರದ ಮೀನು, ಕೆರೆ ನೀರಿನಲ್ಲಿ ಬದುಕುವುದಿಲ್ಲ. ಆದ್ದರಿಂದ ಪ್ರತಿ ಭಾನುವಾರ ನರ್ಸಮ್ಮ ನೀಲಿ ಡ್ರಮ್ಮಿನಲ್ಲಿ ಸಮುದ್ರ ಮಾಡುತ್ತಿದ್ದರು. ಬೋರಿನ ನೀರು ಆಗದು ಎಂದು ಕ್ಯಾನಿನ ನೀರು ಸುರಿದು, ಬೆಂಗಳೂರಿನಿಂದ ತರಿಸಿದ ಉಪ್ಪು ಕದಡಿ, ಅದರಲ್ಲಿ ಒಂದು ಗಾಜಿನ ಕಡ್ಡಿಯನ್ನು ತೇಲಿಬಿಡುತ್ತಿದ್ದರು. ಬುಡದಲ್ಲಿ ಉಬ್ಬು, ಮೇಲೆ ಸಣ್ಣ ಕೊರಳು. ಕೊರಳಿನ ಮೇಲೆ ಉಗುರುಬಣ್ಣದಲ್ಲಿ ಎಳೆದ ಕೆಂಪು ಗೆರೆ. ಆ ಗೆರೆ ಸರಿಯಾಗಿ ನೀರಿನ ಮಟ್ಟಕ್ಕೆ ಬಂದು ನಿಂತರೆ ಅದು ಸಮುದ್ರ. ಉಪ್ಪು ಹೆಚ್ಚಾದರೆ ಕಡ್ಡಿ ಮೇಲೇಳುತ್ತಿತ್ತು, ಕಡಿಮೆಯಾದರೆ ಮುಳುಗುತ್ತಿತ್ತು. ಬಿಸಿಲಿನ ದಿನಗಳಲ್ಲಿ ನೀರು ಬಿಸಿಯಾಗದಿರಲಿ ಎಂದು ನಮ್ಮ ಫ್ರಿಜ್ಜಿನಲ್ಲಿ ಬಾಟಲಿ ನೀರು ಗಟ್ಟಿಮಾಡಿಸಿ ಒಯ್ದು ತೊಟ್ಟಿಯಲ್ಲಿ ತೇಲಿಸುತ್ತಿದ್ದರು. ಕರೆಂಟ್ ಹೋದರೆ ಎಂದು ಮನೆಯ ದೀಪಕ್ಕೂ ಇಲ್ಲದ ಬ್ಯಾಟರಿ ಆ ಪಂಪಿಗಿತ್ತು.

ವಠಾರ ಕಟ್ಟಿಸಿದ ಓನರಮ್ಮ ಎದುರು ಮನೆಯಲ್ಲೇ ಇದ್ದರು. ಬಿಡದಿ ಕಡೆ ಅವರ ಹೊಲವಿದ್ದ ಜಾಗದಲ್ಲಿ ಕಾರ್ಖಾನೆ ಎದ್ದ ಮೇಲೆ ಇಲ್ಲಿಗೆ ಬಂದವರು. ಕೈಗೆ ಕೆಲಸವಿಲ್ಲದೆ ಕೂತು ಅಭ್ಯಾಸವಿಲ್ಲ, ಹಾಗಾಗಿ ಐದೂ ಮನೆಗಳ ಒಳಹೊರಗು ನೋಡಿಕೊಂಡಿರುತ್ತಿದ್ದರು. ನರ್ಸಮ್ಮ ತೊಟ್ಟಿಯ ಗಾಜಿಗೆ ಒಣಗಿದ ಕಡಲ ಸೊಪ್ಪಿನ ಚೂರು ಸಿಕ್ಕಿಸುವುದನ್ನೂ ಮೀನು ಅದನ್ನು ಕಿತ್ತು ಕಿತ್ತು ತಿನ್ನುವುದನ್ನೂ ಮೊದಲ ಸಲ ಕಂಡಾಗ ಅವರು ಸೆರಗು ಬಾಯಿಗಿಟ್ಟು ನಕ್ಕಿದ್ದರು.

"ಅಯ್ಯೋ ನಮ್ಮವ್ವ, ಹಸ ಮೇಯ್ದಂಗೆ ಮೇಯ್ತದಲ್ಲೇ. ನಾವು ಮೀನ್ ತಿಂತೀವಿ, ಈ ಮೀನು ಸೊಪ್ಪು ತಿಂತದೆ."

ನಗು ನಿಂತ ಮೇಲೆ ಕೇಳಿದ್ದರು. "ಒಂದೇ ಯಾಕವ್ವ ಸಾಕಿದ್ದೀಯ? ಯಾರ ಮನೇಲಾದ್ರೂ ತಾಂಬೂಲಕ್ಕೆ ಒಂಟಿ ಬಾಳೆಹಣ್ಣು ಕೊಡ್ತಾರಾ? ಜೊತೆಗೆ ಇನ್ನೊಂದು ಬುಡು."

"ಆಗುದಿಲ್ಲ ಅಮ್ಮ. ಬೇರೆ ಜಾತಿಯ ಸಣ್ಣ ಮೀನಾದ್ರೆ ಸುಮ್ಮನಿರ್ತದೆ. ತನ್ನ ಹಾಗೇ ಇನ್ನೊಂದು ಬಂದ್ರೆ ಇದು ಬಿಡುದಿಲ್ಲ."

"ನಮ್ಮ ವಾರಗಿತ್ತೀರಂಗೆ ಅನ್ನು."

ನರ್ಸಮ್ಮ ನಕ್ಕು ಮೀನಿನ ಬಾಲದ ಬುಡ ತೋರಿಸಿದ್ದರು. ಅಲ್ಲೊಂದು ಬಿಳಿಯ ಚುಕ್ಕೆ. ಅದು ಚುಕ್ಕೆಯಲ್ಲ, ಬ್ಲೇಡಿನಂಥ ಮುಳ್ಳು, ಸಿಟ್ಟು ಬಂದರೆ ಪಕ್ಕಕ್ಕೆ ತಿರುಗಿ ಬೀಸುತ್ತದೆ ಎಂದರು. ಓನರಮ್ಮ ಕೇಳಿಸಿಕೊಂಡರೋ ಇಲ್ಲವೋ... ಅವರ ಕಣ್ಣು ಆ ಹಳದಿ ಬಣ್ಣದ ಮೇಲೆಯೇ ಇತ್ತು.

ನರ್ಸಮ್ಮ ಬಂದ ಎರಡನೆಯ ವರ್ಷ ಮಳೆಗಾಲದಲ್ಲಿ ಓನರಮ್ಮನ ಕಾಲು ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಹುಣ್ಣು, ಬೆರಳು ತೆಗೆಯಬೇಕಾಗಬಹುದು ಎಂದಿದ್ದರು ಡಾಕ್ಟರು. ನರ್ಸಮ್ಮ ದಿನಾ ಸಂಜೆ ಬಸ್ಸಿಳಿದು, ತಮ್ಮ ಮನೆಯ ಬೀಗವನ್ನೂ ತೆಗೆಯದೆ ಮೊದಲು ಅವರ ಮನೆಗೆ ಹೋಗಿ, ನೆಲದ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು ಕಟ್ಟುತ್ತಿದ್ದರು. ಶ್ರಾವಣದ ಹೊತ್ತಿಗೆ ಹುಣ್ಣು ಒಣಗಿತು. ಬೆರಳು ಉಳಿಯಿತು. ಏನು ಕೊಟ್ಟರೂ ನರ್ಸಮ್ಮ ತೆಗೆದುಕೊಳ್ಳಲಿಲ್ಲ. ಇದು ಓನರಮ್ಮನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಅಷ್ಟರಲ್ಲಿ ಗೌರಿ ಹಬ್ಬ ಬಂತು. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ವಠಾರದ ಮುತ್ತೈದೆಯರಿಗೆಲ್ಲ ಓನರಮ್ಮ ಬಾಗಿನ ಕೊಡುತ್ತಿದ್ದರು. ಮದುವೆಯಾಗದವರಿಗೆ ಬಾಗಿನ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ನರ್ಸಮ್ಮ ಬಂದ ಮೊದಲ ವರ್ಷ ಆ ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇದ್ದರು. ನಾವೆಲ್ಲ ಅವರ ಬಾಗಿಲು ದಾಟಿಕೊಂಡೇ ಓಡಾಡಿದ್ದೆವು...

ಈ ಸಲ ಹಾಗಾಗಬಾರದು ಎಂದು ಓನರಮ್ಮ ನಿಶ್ಚಯಿಸಿದ್ದರು. ರೇಷ್ಮೆ ವ್ಯಾಪಾರಕ್ಕೆ ಬೆಂಗಳೂರಿಗೆ ಹೋಗಿಬರುವ ಮಗನಿಗೆ ಕೆಲಸ ಒಪ್ಪಿಸಿದರು. ಸೀರೆಗೆ ರವಿಕೆ ಹೊಂದಿಸುವಾಗ ನಾವು ಬಟ್ಟೆಯ ಚೂರು ಒಯ್ಯುತ್ತೇವಲ್ಲ, ಹಾಗೆ. ಮಗಳ ಮದುವೆಯಲ್ಲಿ ಉಳಿದಿದ್ದ ಒಂದು ಹಳದಿ ಕಣವನ್ನು ತೊಟ್ಟಿಯ ಗಾಜಿಗೆ ಹಿಡಿದು ಬಣ್ಣ ತಾಳೆ ನೋಡಿದರು. ಸೋಪಿನ ತುಂಡಿನಲ್ಲಿ ಅದರ ಮೇಲೆ ಮೀನಿನ ಗಾತ್ರವನ್ನೂ ಗುರುತು ಮಾಡಿದರು. ನರ್ಸಮ್ಮ ಡ್ಯೂಟಿಯಲ್ಲಿದ್ದರು. ಫ್ರಿಜ್ಜಿನ ಬಾಟಲಿ ಇಡಲು ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು, ನಾನು ಬಾಟಲಿ ಇಡುತ್ತಿದ್ದಾಗಲೇ ಅವರು ಹಿಂದೆ ಬಂದಿದ್ದು. ಏನಕ್ಕಮ್ಮ ಅಂದರೆ, "ಗೌರಮ್ಮಂಗೆ ಸೀರೆ ನೋಡ್ತಾ ಇವ್ನಿ ಕಣೆ" ಎಂದು ತಮಾಷೆ ಮಾಡಿದ್ದರು.

ಹಬ್ಬದ ಬೆಳಿಗ್ಗೆ ನರ್ಸಮ್ಮನ ಬಾಗಿಲು ತಟ್ಟಿದ್ದು ನನಗೂ ಕೇಳಿಸಿತು. ಓನರಮ್ಮ ಹೊಸ ಸೀರೆ ಉಟ್ಟು, ಕೈಯಲ್ಲಿ ಮೊರ ಹಿಡಿದು ನಿಂತಿದ್ದರು. ಮೊರದಲ್ಲಿ ಅಕ್ಕಿಯ ಮೇಲೆ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದ ನೀರಿನಲ್ಲಿ, ಒಂದು ಹಳದಿ ಮೀನು. ಅದೇ ಬಣ್ಣ, ಅದೇ ಗಾತ್ರ.

"ನಿಂಗೆ ಬಾಗಿನ ಕೊಡಾಕಾಗಲ್ಲ ಕಣವ್ವ, ಪದ್ಧತಿ ಇಲ್ಲ. ಅದ್ಕೆ ನಿನ್ನ ಮೀನಿಗೆ ತಂದಿವ್ನಿ. ಹಿಡಿ, ಎರಡೂ ಕೈಲಿ ಹಿಡಿ."

ನರ್ಸಮ್ಮನ ಮುಖ ನಾನು ನೋಡುತ್ತಿದ್ದೆ. ಮೊದಲು ಅವರ ಕಣ್ಣು ಚೀಲದ ಮೇಲೆ ಬಿತ್ತು, ಆಮೇಲೆ ಹಿಂತಿರುಗಿ ತೊಟ್ಟಿಯ ಕಡೆ ಹೋಯಿತು. ಎರಡೂ ಕೈ ಚಾಚಿ ಮೊರ ತೆಗೆದುಕೊಂಡರು. ಸ್ವಲ್ಪ ದಿನ ಬೇರೆ ಬಕೆಟ್ಟಿನಲ್ಲಿ ಇಡ್ತೇನೆ ಅಮ್ಮ, ಹೊಸ ಮೀನಿಗೆ ಕಾಯಿಲೆ ಇರ್ತದೆ, ನೋಡಿಕೊಂಡು ಬಿಡಬೇಕು ಎಂದರು. ಓನರಮ್ಮನ ನಗು ಆರಿತು.

"ಹಬ್ಬದ ದಿನ ಬಂದೋರನ್ನ ಹೊಸ್ತಿಲಾಚೆ ನಿಲ್ಸದಂಗಾಯ್ತದೆ. ನಾ ತಂದಿದ್ದು ಒಸಿ ಕಮ್ಮಿ ಆಯ್ತೇನೊ, ಹೇಳ್ಬುಡವ್ವ."

ನರ್ಸಮ್ಮ ಮೊರವನ್ನು ತೊಟ್ಟಿಯ ಪಕ್ಕ ಇಟ್ಟರು. ಆರು ವರ್ಷ ಊರಿಂದ ಊರಿಗೆ ಬಕೆಟ್ಟಿನಲ್ಲಿ ಹೊತ್ತು ತಂದ ಮೀನು ಒಂದು ಕಡೆ. ಆ ವಠಾರದಲ್ಲಿ ಮೊದಲ ಸಲ ಗೌರಿ ಹಬ್ಬದ ಬೆಳಿಗ್ಗೆ ಅವರ ಬಾಗಿಲು ತಟ್ಟಿದವರು ಇನ್ನೊಂದು ಕಡೆ. ನರ್ಸಮ್ಮ ರವಿಕೆಯ ತೋಳು ಮಡಿಸಿದರು. ತೊಟ್ಟಿಯೊಳಗಿನ ಕಲ್ಲುಗಳನ್ನೆಲ್ಲ ಎತ್ತಿ ಜಾಗ ಬದಲಿಸಿದರು. ಹಳೆಯ ಮೀನಿಗೆ ತನ್ನ ಜಾಗ ಎಲ್ಲಿ ಎಂದು ಗೊತ್ತಾಗಬಾರದು, ಗೊತ್ತಾದರೆ ಜಗಳ ಎಂದು ನನಗೆ ಮೆಲ್ಲಗೆ ಹೇಳಿದರು. ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರಿಗೆ ತೊಟ್ಟಿಯ ನೀರನ್ನು ಒಂದೊಂದೇ ಲೋಟ ಬೆರೆಸಿ, ಕೊನೆಗೆ ಹೊಸ ಮೀನನ್ನು ಬಿಟ್ಟರು. ಓನರಮ್ಮ ತೊಟ್ಟಿಗೆ ಆರತಿ ಎತ್ತಿದರು.

ಹಳೆಯ ಮೀನು ಮೊದಲು ಅಲ್ಲಾಡದೆ ನಿಂತಿತ್ತು. ಆಮೇಲೆ ಬೆನ್ನಿನ ರೆಕ್ಕೆ ನೆಟ್ಟಗೆ ನಿಲ್ಲಿಸಿಕೊಂಡು ಹೊಸದರ ಪಕ್ಕಕ್ಕೆ ಬಂದು, ಬಾಲ ತಿರುಗಿಸಿ, ಒಂದು ಸುತ್ತು ಹಾಕಿ ಅಟ್ಟಿಸಿಕೊಂಡು ಹೋಯಿತು. ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ...

"ನೋಡೆ, ಹೆಂಗೆ ಆಡ್ಕೊತಾವೆ" ಎಂದರು ಓನರಮ್ಮ.

"ಹೌದಮ್ಮ, ಆಡ್ತಾ ಉಂಟು" ಎಂದರು ನರ್ಸಮ್ಮ.

ಓನರಮ್ಮ ಸಂತೋಷವಾಗಿ ಹೋದರು. ಬಾಗಿಲು ಮುಚ್ಚಿದ ಕೂಡಲೇ ನರ್ಸಮ್ಮ ಬಲೆ ಹಿಡಿದರು. ನಾನು ಮುಚ್ಚಳ ಹಿಡಿದುಕೊಂಡು ನಿಂತೆ. ಹೊಸ ಮೀನು ಕಲ್ಲಿನ ಸಂದಿಯಿಂದ ಹೊರಗೇ ಬರಲಿಲ್ಲ. ಬಲೆ ಹತ್ತಿರ ಹೋದಷ್ಟೂ ಅದು ಒಳಕ್ಕೆ ಸರಿಯಿತು, ಬಲೆ ಹಿಂದೆ ಸರಿದಾಗ ಹಳೆಯದು ಅದರ ಮೇಲೆ ಬಿತ್ತು. ಮಧ್ಯಾಹ್ನದ ಊಟ ನಮ್ಮಿಬ್ಬರದೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅದು ಪಂಪಿನ ಜಾಲರಿಗೆ ಒರಗಿಕೊಂಡಿತ್ತು. ಮೈಮೇಲೆ ಬ್ಲೇಡಿನಿಂದ ಎಳೆದಂಥ ಗೀರುಗಳು, ರೆಕ್ಕೆ ಹರಿದ ಬಟ್ಟೆ. ನರ್ಸಮ್ಮ ಅದನ್ನು ಕೈಯಲ್ಲೇ ಎತ್ತಿ ತೆಗೆದರು. ಪಾಪ, ಅದರದೇನು ತಪ್ಪು ಎಂದಷ್ಟೇ ಹೇಳಿದರು.

ಮುಗಿಯಿತು ಎಂದುಕೊಂಡಿದ್ದೆ. ಎರಡು ದಿನ ಕಳೆದು ಹಳೆಯ ಮೀನಿನ ಮೈಮೇಲೆ ರವೆ ಉದುರಿಸಿದಂಥ ಬಿಳಿ ಕಾಳುಗಳು ಕಂಡವು. ಸತ್ತದ್ದು ಬಿಟ್ಟುಹೋದ ರೋಗ. ಜಗಳದಲ್ಲಿ ದಣಿದಿದ್ದ ಮೀನಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಗಾಜಿಗೆ ಸಿಕ್ಕಿಸಿದ ಸೊಪ್ಪು ಹಾಗೇ ತೂಗುತ್ತಿತ್ತು. ನರ್ಸಮ್ಮ ರಜ ಹಾಕಿದರು, ಔಷಧ ಕರಗಿಸಿದ ಬಕೆಟ್ಟಿಗೆ ಮೀನನ್ನು ಬದಲಿಸಿ, ನೀರು ಮತ್ತೆ ಮತ್ತೆ ಹೊಸದು ಮಾಡಿದರು. ಟೆಂಪೋದಲ್ಲಿ ಬಂದ ಅದೇ ಬಕೆಟ್ಟು. ನಾನು ಕಾಫಿ ಕೊಂಡುಹೋದಾಗ ನೆಲದ ಮೇಲೆ ಕೂತು ಅದನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡಿದ್ದರು. ಹಳದಿ ಬಣ್ಣ ಮಾಸಿ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು... ವಾರ ತುಂಬುವ ಮೊದಲೇ ಅದೂ ಹೋಯಿತು.

ಹಬ್ಬ ಮುಗಿಸಿ ಮಗಳ ಮನೆಗೆ ಹೋಗಿದ್ದ ಓನರಮ್ಮ ಬಂದು ಖಾಲಿ ತೊಟ್ಟಿ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. ನರ್ಸಮ್ಮ ನನ್ನ ಕಡೆ ನೋಡದೆ ಹೇಳಿದರು.

"ಕರೆಂಟು ಹೋಗಿತ್ತಮ್ಮ. ಬ್ಯಾಟರಿಯೂ ಕೈ ಕೊಟ್ಟಿತು. ಗಾಳಿ ಸಿಗಲಿಲ್ಲ ಎರಡಕ್ಕೂ."

ಆ ವಾರ ಕರೆಂಟ್ ಹೋಗಿರಲೇ ಇಲ್ಲ. ಹಬ್ಬದ ಮರುದಿನದ ದೋಸೆಹಿಟ್ಟನ್ನೂ ನಾನು ಮಿಕ್ಸಿಯಲ್ಲೇ ರುಬ್ಬಿದ್ದೆ. ನಾನು ಬಾಯಿ ಬಿಡಬಾರದು ಎಂದೇ ಅವರು ನನ್ನ ಕಡೆ ನೋಡದಿದ್ದುದು. ಓನರಮ್ಮ ಕರೆಂಟಿನವರಿಗೆ ಮನಸಾರೆ ಶಾಪ ಹಾಕಿದರು. ಆಮೇಲೆ ಕಣ್ಣೊರೆಸಿಕೊಂಡು, "ಹೋಗ್ಲಿ ಬುಡವ್ವ, ಜೋಡೀಲಿ ಹೋದ್ವು. ಒಂದುನ್ನ ಬುಟ್ಟು ಒಂದು ಇರ್ಲಿಲ್ಲ. ಒಂಟಿಯಾಗಿ ಸಾಯೋದು ತಪ್ತಲ್ಲ" ಎಂದರು.

"ಹೌದಮ್ಮ" ಎಂದರು ನರ್ಸಮ್ಮ.

ಬೇರೆ ಮೀನು ಅವರು ತರಲಿಲ್ಲ. ತೊಟ್ಟಿಯಲ್ಲಿ ನೀರು ಮಾತ್ರ ಇತ್ತು, ಪಂಪು ಮಾತ್ರ ಓಡುತ್ತಿತ್ತು. ಮೀನಿಲ್ಲದ ನೀರಿಗೆ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಆ ಸದ್ದು ನಿಂತ್ರೆ ಮನೆ ತುಂಬ ದೊಡ್ಡದಾಗ್ತದೆ ಮಾರಾಯ್ರೆ" ಎಂದಿದ್ದರು. ಮುಂದಿನ ವರ್ಷ ಕಾರ್ಖಾನೆಯವರು ದವಾಖಾನೆಯನ್ನು ಕಂಟ್ರಾಕ್ಟಿಗೆ ಕೊಟ್ಟರು. ನರ್ಸಮ್ಮ ತಮ್ಮನ ಮನೆಗೆಂದು ಊರಿಗೆ ಹೊರಟರು. ಈ ಸಲ ಟೆಂಪೋದ ಮುಂದಿನ ಸೀಟಿನಲ್ಲಿ, ಬರಿಗೈಯಲ್ಲಿ ಕೂತಿದ್ದರು. ಹೊರಡುವ ಮೊದಲು ಗಾಜಿನ ಕಡ್ಡಿಯನ್ನು ನನಗೆ ಕೊಟ್ಟರು. ಉಪ್ಪಿನಕಾಯಿ ನೀರು ನೋಡಲು ಆಗುತ್ತದೆಯೇ ಎಂದು ಕೇಳಿದೆ. "ಇಲ್ಲ, ಅದಕ್ಕೆ ಇದು ಆಗುದಿಲ್ಲ. ಇದು ಸಮುದ್ರಕ್ಕೆ ಮಾತ್ರ. ಸುಮ್ಮನೆ ಇಟ್ಟುಕೊಳ್ಳಿ."

ಓನರಮ್ಮ ತೀರಿಕೊಂಡು ಬಹಳ ಕಾಲವಾಯಿತು. ಕೊನೆಯವರೆಗೂ ಆ ಜೋಡಿ ಮೀನಿನ ಸಾವನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ರಸ್ತೆ ಅಗಲವಾದಾಗ ವಠಾರವೂ ಹೋಯಿತು. ನರ್ಸಮ್ಮ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ನನಗೆ ಫೋನ್ ಮಾಡುತ್ತಿದ್ದರು. ಹೋದ ಹಬ್ಬಕ್ಕೆ ಫೋನ್ ಬರಲಿಲ್ಲ. ನಾನೇ ಮಾಡಿದಾಗ ಯಾರೋ ಹುಡುಗಿ ಎತ್ತಿ, ಅವರು ತೀರಿಹೋಗಿ ತಿಂಗಳುಗಳಾದವು, ನೀವು ಯಾರು ಎಂದು ಕೇಳಿದಳು. ಪಕ್ಕದ ಮನೆಯವಳು ಎಂದೆ.

ನನ್ನವರ ಕೆಲಸ ಈಗ ಹೊಸೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ನೋಡದಿದ್ದರೂ ಟಿವಿ ಹಾಕಿಟ್ಟಿರುತ್ತೇನೆ. ಉಪ್ಪುನೀರು ಆರಿದ ಮೇಲೆ, ಚಮಚಗಳ ಸ್ಟ್ಯಾಂಡಿನಲ್ಲಿದ್ದ ಆ ಕಡ್ಡಿ ತೆಗೆದು ನೀರಿಗೆ ಬಿಟ್ಟೆ. ಅವರು ಹೇಳಿದ ಹಾಗೆಯೇ, ನಿಲ್ಲಲಾರದೆ ಮೇಲಕ್ಕೆದ್ದು ಪಕ್ಕಕ್ಕೆ ವಾಲಿತು. ಒಂದು ಉದ್ದನೆಯ ಗಾಜಿನ ಜಾಡಿಗೆ ಸ್ವಲ್ಪ ಉಪ್ಪುನೀರು ಬಗ್ಗಿಸಿಕೊಂಡು, ಸಿಹಿನೀರು ಬೆರೆಸುತ್ತಾ ಹೋದೆ. ಕಡ್ಡಿ ಮೆಲ್ಲಗೆ ನೆಟ್ಟಗಾಯಿತು, ಇಳಿಯಿತು, ಇನ್ನೊಂದು ಲೋಟಕ್ಕೆ ಇನ್ನೂ ಇಳಿಯಿತು. ಬಣ್ಣ ಕಳೆದ ಆ ಕೆಂಪು ಗೆರೆ ಸರಿಯಾಗಿ ನೀರಿನ ಮಟ್ಟಕ್ಕೆ ಬಂದು ನಿಂತಿತು.

ಜಾಡಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಇಟ್ಟೆ. ಸಮುದ್ರದಷ್ಟೇ ಉಪ್ಪು. ಒಳಗೆ ಯಾರೂ ಇರಲಿಲ್ಲ.